ಮೊಂತಿ ಹಬ್ಬದ ಹೂವಿಗೆ ಮನೆಯಲ್ಲೇ ಮಣ್ಣು: ಹೂಚಟ್ಟಿಗೆ ಖರ್ಚಿಲ್ಲದ ಮಿಶ್ರಣ

ಸಪ್ಟೆಂಬರ್ 8 ಕನ್ಯಾ ಮರಿಯಮ್ಮನವರ ಜನ್ಮದಿನ. ಕರಾವಳಿಯ ನಮಗೆಲ್ಲ ಅದು ಮೊಂತಿ ಹಬ್ಬ, ತೆನೆ ಹಬ್ಬ. ಅದಕ್ಕೆ ಮುಂಚಿತವಾಗಿ ಆಗಸ್ಟ್ 30ರಿಂದ ಒಂಬತ್ತು ದಿನಗಳ ನೊವೆನಾ ನಡೆಯುತ್ತದೆ. ಮಕ್ಕಳು ಬುಟ್ಟಿ, ತಟ್ಟೆಗಳಲ್ಲಿ ಹೂ ತಂದು ಬಾಲ ಮರಿಯಮ್ಮನವರಿಗೆ ಅರ್ಪಿಸುವ ದೃಶ್ಯವನ್ನು ನೋಡದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ನಾವು ಚಿಕ್ಕವರಿದ್ದಾಗ ಆ ಹೂ ಅಂಗಳದಿಂದ, ಹಿತ್ತಿಲಿನಿಂದ, ಗದ್ದೆಯ ಬದುವಿನಿಂದ ಬರುತ್ತಿತ್ತು. ಈಗ ಬಹಳಷ್ಟು ಮಕ್ಕಳ ಕೈಯಲ್ಲಿ ಇರುವುದು ಪೇಟೆಯಿಂದ ತಂದ ಸೇವಂತಿಗೆ, ಅದೂ ಪ್ಲಾಸ್ಟಿಕ್ ಕವರಿನಲ್ಲಿ. ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ, ಗದ್ದೆ ಹಡಿಲು ಬಿದ್ದಿದೆ, ಕೆಲವರು ಫ್ಲ್ಯಾಟಿಗೆ ಬಂದಿದ್ದಾರೆ. ಹೂ ಬೆಳೆಸಬೇಕೆಂದರೆ ಉಳಿದಿರುವುದು ಚಟ್ಟಿ ಮಾತ್ರ.

ಚಟ್ಟಿಗೆ ಮಣ್ಣು ಬೇಕಲ್ಲ? ನರ್ಸರಿಗಳಲ್ಲಿ ಚೀಲಗಳಲ್ಲಿ ಸಿಗುತ್ತದೆ, ಹಣ ಕೊಟ್ಟರೆ ಮನೆಗೂ ಬರುತ್ತದೆ. ಆದರೆ ಅದೇ ಚೀಲದಲ್ಲಿರುವ ವಸ್ತುಗಳನ್ನು ನಾವು ಪ್ರತಿವರ್ಷ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಿಡಿಸೂಡಿಯಲ್ಲಿ ಗುಡಿಸಿ, ಅಂಗಳದ ಮೂಲೆಯಲ್ಲಿ ರಾಶಿ ಹಾಕಿ, ಬೆಂಕಿ ಕೊಡುತ್ತಿದ್ದೇವೆ. ಮನೆಗಳಲ್ಲಿ ಮಾತ್ರವಲ್ಲ, ಇಗರ್ಜಿಯ ಆವರಣದಲ್ಲಿ, ಶಾಲೆಯ ಮೈದಾನದಲ್ಲಿ ಕೂಡ. ಸಪ್ಟೆಂಬರಿನ ಹೂವಿಗೆ ಬೇಕಾದ ಮಣ್ಣು ಫೆಬ್ರವರಿಯ ಹೊಗೆಯಲ್ಲಿ ಹೋಗುತ್ತದೆ ಎಂಬುದು ನಮಗೂ ತಡವಾಗಿಯೇ ಗೊತ್ತಾದದ್ದು.

ಹೇಗೆ ಗೊತ್ತಾಯಿತೆಂದರೆ, ಸೋತ ಮೇಲೆ. ಕ್ರೈಸ್ತ ಶಿಕ್ಷಣದ ಮಕ್ಕಳಿಂದ ಗೊಂಡೆ ಹೂ ಬೆಳೆಸೋಣವೆಂದು ಒಂದು ವರ್ಷ ಜೂನ್ ತಿಂಗಳಲ್ಲಿ ಉತ್ಸಾಹದಿಂದ ಹೊರಟೆವು. ಅಂಗಳದ ಕೆಂಪು ಮಣ್ಣು, ಅರ್ಧ ಕೊಳೆತ ತರಗೆಲೆ, ಹಟ್ಟಿಯಿಂದ ಆಗಷ್ಟೇ ತಂದ ಹಸಿ ಸೆಗಣಿ, ಎಲ್ಲವನ್ನೂ ಕಲಸಿ ಚಟ್ಟಿಗಳಿಗೆ ತುಂಬಿದೆವು. ಬೀಜ ಮೊಳೆಯಿತು. ಎರಡನೇ ವಾರಕ್ಕೆ ಸಸಿಗಳು ಹಳದಿಯಾದವು, ಮೂರನೇ ವಾರದ ಮಳೆಗೆ ಬುಡ ಕೊಳೆತು ಸಾಲಾಗಿ ಮಲಗಿದವು. ನೊವೆನಾದ ಮೊದಲ ದಿನ ಆ ಮಕ್ಕಳು ಕೂಡ ಪೇಟೆಯ ಹೂವನ್ನೇ ತಂದರು. ಒಬ್ಬ ಹುಡುಗಿಯಂತೂ ತನ್ನ ಗಿಡಕ್ಕೆ ತಾನೇ ನೀರು ಹೆಚ್ಚು ಹಾಕಿ ಕೊಂದೆನೆಂದು ನಂಬಿಕೊಂಡಿದ್ದಳು. ತಪ್ಪು ಅವಳದಲ್ಲ, ನಮ್ಮ ಮಣ್ಣಿನದು.

ಚಟ್ಟಿಯ ಮಣ್ಣು ಅಂಗಳದ ಮಣ್ಣಲ್ಲ

ನೆಲದಲ್ಲಿ ಚೆನ್ನಾಗಿರುವ ಮಣ್ಣು ಚಟ್ಟಿಯಲ್ಲಿ ಯಾಕೆ ಕೆಡುತ್ತದೆ ಎಂಬುದನ್ನು ತಿಳಿಯಲು ಅಡುಗೆಮನೆಯ ಸ್ಪಂಜು ಸಾಕು. ಅದನ್ನು ನೀರಿನಲ್ಲಿ ಪೂರ್ತಿ ನೆನೆಸಿ ಅಡ್ಡಲಾಗಿ ಮಲಗಿಸಿ ಹಿಡಿಯಿರಿ. ಸ್ವಲ್ಪ ನೀರು ಸೋರಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಮತ್ತಷ್ಟು ನೀರು ಸುರಿಯುತ್ತದೆ. ಕೆಳಗೆ ಎಳೆಯುವ ನೀರಿನ ಕಂಬ ಎತ್ತರವಿದ್ದಷ್ಟೂ ನೀರು ಚೆನ್ನಾಗಿ ಬಸಿಯುತ್ತದೆ. ಅಂಗಳದ ನೆಲ ಆಳವಾದದ್ದು. ಚಟ್ಟಿ ಗೇಣುದ್ದದ್ದು. ಆದ್ದರಿಂದ ಅದೇ ಮಣ್ಣು ಚಟ್ಟಿಯಲ್ಲಿ ತಳದ ಭಾಗದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ, ಅದರಲ್ಲೂ ಹೂವಿನ ಸಸಿ ಬೆಳೆಯಬೇಕಾದ ಜುಲೈ ತಿಂಗಳಲ್ಲಿ ಇದರ ಪರಿಣಾಮ ಏನೆಂದು ಹೇಳಬೇಕಾಗಿಲ್ಲ.

ಚಟ್ಟಿಯ ತಳಕ್ಕೆ ಒಂದು ಪದರ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ಇದೆ. ಅದು ಸರಿಯಲ್ಲ. ನುಣುಪು ಮಣ್ಣಿನಿಂದ ಒರಟು ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಒದ್ದೆಯ ಪದರ ಇನ್ನಷ್ಟು ಮೇಲಕ್ಕೆ ಬರುತ್ತದೆ ಅಷ್ಟೆ. ತೂತಿಗೆ ಒಂದು ಹಂಚಿನ ಚೂರು ಅಡ್ಡ ಇಟ್ಟರೆ ಸಾಕು. ಒರಟು ವಸ್ತು ಬೇಕಾಗಿರುವುದು ತಳದಲ್ಲಲ್ಲ, ಮಿಶ್ರಣದ ಉದ್ದಗಲಕ್ಕೂ.

ಇನ್ನೊಂದು ವಿಷಯ ನಮ್ಮ ಮುರಕಲ್ಲಿನ ಕೆಂಪು ಮಣ್ಣಿನದು. ಸಾವಿರಾರು ವರ್ಷಗಳ ಮಳೆಗೆ ತೊಳೆದುಹೋಗಿ ಅದು ಹುಳಿಯಾಗಿದೆ. ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಹೂವಿಗೆ ಬೇಕಾದ ರಂಜಕವನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಕೊಡುವುದಿಲ್ಲ. ಚೆನ್ನಾಗಿ ಕೊಳೆತ ಎಲೆಗೊಬ್ಬರ ಸೇರಿಸಿದಾಗ ಈ ಬಿಗಿತ ಸಡಿಲವಾಗುತ್ತದೆ. ಹಾಗಾಗಿ ಮಿಶ್ರಣದ ಜೀವಾಳ ಮಣ್ಣಲ್ಲ, ಎಲೆಗೊಬ್ಬರವೇ.

ರಾಶಿ ಹಾಕುವ ಕ್ರಮ

ಲೆಕ್ಕವನ್ನು ಹಬ್ಬದಿಂದ ಹಿಂದಕ್ಕೆ ಹಾಕೋಣ. ಗೊಂಡೆ ಬೀಜ ಬಿತ್ತಿ ಹೂ ಬಿಡಲು ಸುಮಾರು 60ರಿಂದ 70 ದಿನ ಬೇಕು. ಆಗಸ್ಟ್ 30ಕ್ಕೆ ಹೂ ಬೇಕೆಂದರೆ ಜೂನ್ 20ರ ಹೊತ್ತಿಗೆ ಬಿತ್ತಬೇಕು. ಅದಕ್ಕೆ ಮೊದಲು, ಜೋರು ಮಳೆ ಹಿಡಿಯುವ ಮುಂಚೆ, ಮಣ್ಣು ಒಣಗಿ ಜರಡಿ ಹಿಡಿದು ಗೋಣಿಯಲ್ಲಿ ಕುಳಿತಿರಬೇಕು. ತರಗೆಲೆ ಕೊಳೆತು ಗೊಬ್ಬರವಾಗಲು ಮೂರರಿಂದ ನಾಲ್ಕು ತಿಂಗಳು. ಅಲ್ಲಿಗೆ ಫೆಬ್ರವರಿ ಮಧ್ಯಭಾಗಕ್ಕೆ ಬಂದೆವು. ಸರಿಯಾಗಿ ಎಲೆ ಉದುರುವ ಕಾಲ. ಕೆಲವು ವರ್ಷ ತಪಸ್ಸುಕಾಲವೂ ಆಗಲೇ ಆರಂಭವಾಗಿರುತ್ತದೆ.

ಎಲ್ಲ ಎಲೆಯೂ ಒಂದೇ ಅಲ್ಲ. ಮೇ ಫ್ಲವರ್ ಮರದ ಚಿಕ್ಕ ಎಲೆಗಳು ಬೇಗ ಕರಗುತ್ತವೆ. ಮಾವು, ಹಲಸು, ಗೇರು, ಕಾಡುಬಾದಾಮಿ ಎಲೆಗಳು ಮಧ್ಯಮ, ಹುಡಿ ಮಾಡಿ ಹಾಕಿದರೆ ಮೇಗೆ ಸಿದ್ಧ. ಅಕೇಶಿಯಾ ಮತ್ತು ಗಾಳಿಮರದ ಎಲೆ ಹಠಮಾರಿ, ಅವನ್ನು ಬೇರೆಯೇ ರಾಶಿ ಹಾಕಿ ಮುಂದಿನ ವರ್ಷಕ್ಕೆ ಬಿಡುವುದು ಒಳ್ಳೆಯದು. ಎಲೆ ಹುಡಿ ಮಾಡಲು ಯಂತ್ರ ಬೇಡ. ಚೆನ್ನಾಗಿ ಒಣಗಿದ ಎಲೆಯನ್ನು ಗೋಣಿಗೆ ತುಂಬಿ ಬಾಯಿ ಕಟ್ಟಿ ಮಕ್ಕಳಿಗೆ ತುಳಿಯಲು ಬಿಟ್ಟರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಈ ಕೆಲಸಕ್ಕೆ ಮಕ್ಕಳನ್ನು ಎರಡು ಸಲ ಕರೆಯಬೇಕಾಗಿ ಬಂದದ್ದಿಲ್ಲ.

ಒಣ ಎಲೆ ಒಂದೇ ಇದ್ದರೆ ರಾಶಿ ವರ್ಷವಾದರೂ ಹಾಗೆಯೇ ಕೂತಿರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸುಮಾರು 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಒಣ ಎಲೆಯಲ್ಲಿ ಇಂಗಾಲ ಅದರ ಎರಡು ಪಾಲಿನಷ್ಟು ಇರಬಹುದು. ಆ ಕೊರತೆ ತುಂಬಲು ಹಸಿ ವಸ್ತು ಬೇಕು. ದನ ಇರುವ ಮನೆಯಲ್ಲಿ ಸೆಗಣಿ ನೀರು ಇದೆ. ಆದರೆ ಈಗ ಹಟ್ಟಿ ಇರುವ ಮನೆಗಳೇ ಕಡಿಮೆ, ಸೆಗಣಿಯನ್ನೂ ಹಣ ಕೊಟ್ಟು ತರಬೇಕೆಂದರೆ 'ಖರ್ಚಿಲ್ಲದ' ಎಂಬ ಮಾತಿಗೆ ಅರ್ಥವಿಲ್ಲ. ದನವಿಲ್ಲದವರಿಗೆ ತರಕಾರಿ ಸಿಪ್ಪೆ, ಚಹಾ ಚರಟ, ಮೀನು ತೊಳೆದ ನೀರು ಇವೆ. ಬೇಲಿಯಲ್ಲಿರುವ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಎಲ್ಲಕ್ಕಿಂತ ಉತ್ತಮ. ಬೇಸಿಗೆಯ ಆರಂಭದಲ್ಲಿ ಅದು ಎಲೆ ಉದುರಿಸಿ ಗುಲಾಬಿ ಬಣ್ಣದ ಹೂ ಬಿಟ್ಟಿರುತ್ತದೆ. ಹೂ ಮುಗಿದು ಚಿಗುರು ಬಂದ ಮೇಲೆ ಸೊಪ್ಪು ಕಡಿದು ರಾಶಿ ಮಗುಚುವಾಗ ಸೇರಿಸಬಹುದು. ಮೀನಿನ ತಲೆ, ಕರುಳು ಹಾಕುವುದಾದರೆ ರಾಶಿಯ ನಟ್ಟನಡುವೆ, ಮೇಲೆ ಒಂದು ಅಡಿ ಒಣ ಎಲೆ ಮುಚ್ಚಿ. ಇಲ್ಲವಾದರೆ ನಾಯಿ, ಕಾಗೆಗಳ ಜೊತೆ ನೆರೆಮನೆಯವರೂ ಬರುತ್ತಾರೆ. ಒಣಮೀನು ತೊಳೆದ ಉಪ್ಪುನೀರು ಮಾತ್ರ ಬೇಡವೇ ಬೇಡ.

ಕರಾವಳಿಯಲ್ಲಿ ಹೊಂಡ ತೋಡಬೇಡಿ, ಮೊದಲ ಮಳೆಗೇ ಅದು ಕೆರೆಯಾಗುತ್ತದೆ. ನೆರಳಿರುವ ಎತ್ತರದ ಜಾಗದಲ್ಲಿ ನಾಲ್ಕು ಗೂಟ ನೆಟ್ಟು ಸುತ್ತ ಹಳೆಯ ಬಲೆಯನ್ನೋ ಮಡಲನ್ನೋ ಕಟ್ಟಿ. ಉದ್ದ, ಅಗಲ, ಎತ್ತರ ಮೂರೂ ಒಂದು ಮೀಟರಿನಷ್ಟಿರಲಿ. ಇದಕ್ಕಿಂತ ಚಿಕ್ಕ ರಾಶಿಯಲ್ಲಿ ಬಿಸಿ ನಿಲ್ಲುವುದಿಲ್ಲ. ತಳಕ್ಕೆ ತೆಂಗಿನಕಾಯಿ ಸಿಪ್ಪೆ ಮಗುಚಿ ಹಾಸಿ ಗಾಳಿಗೆ ದಾರಿ ಮಾಡಿ. ಅದರ ಮೇಲೆ ಗೇಣು ದಪ್ಪ ಎಲೆ, ಎರಡು ಬೆರಳು ಹಸಿ ವಸ್ತು, ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಮಣ್ಣು, ನೀರಿನ ಚಿಮುಕಣೆ, ಪುನಃ ಎಲೆ. ತೇವ ಎಷ್ಟಿರಬೇಕೆಂದರೆ, ಒಂದು ಮುಷ್ಟಿ ತೆಗೆದು ಹಿಂಡಿದಾಗ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು.

ಮೂರು ನಾಲ್ಕು ದಿನ ಕಳೆದು ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ ನೋಡಿ. ಹಿಡಿಯಲಾಗದಷ್ಟು ಬಿಸಿ ಇದ್ದರೆ ರಾಶಿ ಕೆಲಸ ಮಾಡುತ್ತಿದೆ. 55 ಡಿಗ್ರಿ ದಾಟಿದ ಬಿಸಿ ಮೂರು ದಿನ ನಿಂತರೆ ಕಳೆಬೀಜಗಳೂ ರೋಗಾಣುಗಳೂ ಹೆಚ್ಚಿನವು ಸಾಯುತ್ತವೆ. ತಣ್ಣಗಿದ್ದರೆ ಹಸಿ ವಸ್ತುವೋ ನೀರೋ ಕಡಿಮೆಯಾಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿದೆ, ಒಣ ಎಲೆ ಸೇರಿಸಿ ಮಗುಚಿ. ಮೊದಲ ಸಲ ಎರಡು ವಾರಕ್ಕೆ, ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಹೊರಗಿನದು ಒಳಗೆ ಬರುವಂತೆ ಮಗುಚಬೇಕು.

ಮಗುಚುವಾಗ ಹೆಬ್ಬೆರಳು ದಪ್ಪದ, ಅರ್ಧಚಂದ್ರದಂತೆ ಮುದುಡಿದ ಬಿಳಿ ಹುಳುಗಳು ಸಿಕ್ಕಿದರೆ ಎರೆಹುಳದಂತೆ ಇವೂ ಉಪಕಾರಿ ಎಂದು ಬಿಡಬೇಡಿ. ಅವು ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿಗಳಾಗಿರಬಹುದು. ಗೊಬ್ಬರದ ರಾಶಿಯೇ ಅವುಗಳ ತೊಟ್ಟಿಲು. ಹೆಕ್ಕಿ ಕೋಳಿಗೆ ಹಾಕಿ.

ಹೂವಿನ ಗೊಬ್ಬರಕ್ಕೆ ಇಗರ್ಜಿಯ ಹೂವೂ ಬರಬಹುದು. ಮದುವೆ, ಮರಣದ ಪೂಜೆ, ಹಬ್ಬಗಳಾದ ಮೇಲೆ ಪೀಠದ ಹೂಗಳನ್ನು ಕಸಕ್ಕೆ ಕೊಡುವ ಬದಲು ರಾಶಿಗೆ ಹಾಕಬಹುದು. ದಾರ, ತಂತಿ, ರಿಬ್ಬನ್, ಗುಂಡುಸೂಜಿ ಬಿಡಿಸಿ ಹಾಕಿ. ಹೂ ಚುಚ್ಚುವ ಹಸಿರು ಸ್ಪಂಜಿನಂತಹ ಇಟ್ಟಿಗೆ ಒಂದು ಬಗೆಯ ಪ್ಲಾಸ್ಟಿಕ್, ಅದು ಮಣ್ಣಾಗುವುದಿಲ್ಲ, ಹುಡಿಯಾಗಿ ಮಣ್ಣಿನಲ್ಲಿ ಉಳಿಯುತ್ತದೆ. ಇಗರ್ಜಿಯ ಸಿಬ್ಬಂದಿ ಇದೊಂದನ್ನು ದಯವಿಟ್ಟು ಗಮನಿಸಬೇಕು.

ಮರಳಿನ ಬದಲು ಹಂಚು

ಮಿಶ್ರಣ ಸಡಿಲವಾಗಲು ಹೊಳೆಯ ಹೊಯಿಗೆ ಹಾಕುವುದು ರೂಢಿ. ಈಗ ಹೊಯಿಗೆ ಸಿಗುವುದು ಕಷ್ಟ, ಸಿಕ್ಕಿದರೂ ದುಬಾರಿ. ಹೊಳೆಯಿಂದ ನಾವೇ ತೆಗೆಯಲು ಕಾನೂನೂ ಒಪ್ಪುವುದಿಲ್ಲ. ಕಡಲ ಬದಿಯ ಹೊಯಿಗೆಯಲ್ಲಿ ಉಪ್ಪು, ತೊಳೆದರೂ ಚಿಪ್ಪಿನ ಸುಣ್ಣ ಉಳಿಯುತ್ತದೆ.

ನಮ್ಮೂರಲ್ಲಿ ಇದಕ್ಕೆ ಒಳ್ಳೆಯ ಬದಲಿ ಇದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಕರಾವಳಿಯ ಮನೆಗಳಿಗೆ ಹೊದೆಸಿದ ಹಂಚು ಈಗ ಮನೆ ಮುರಿದಾಗಲೆಲ್ಲ ರಾಶಿ ಬೀಳುತ್ತಿದೆ. ಸುಟ್ಟ ಆವೆಮಣ್ಣಿನ ಈ ಹಂಚಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ನೀರನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಹೆಚ್ಚಾದದ್ದನ್ನು ಬಿಟ್ಟುಕೊಡುತ್ತದೆ. ಗೋಣಿಯೊಳಗೆ ಇಟ್ಟು ಸುತ್ತಿಗೆಯಿಂದ ಕಡಲೆ ಗಾತ್ರಕ್ಕೆ ಒಡೆದು, ಹುಡಿಯನ್ನು ಜರಡಿ ಹಿಡಿದು ತೆಗೆದರೆ ಹೊಯಿಗೆಗಿಂತ ಚೆನ್ನಾಗಿ ಕೆಲಸ ಕೊಡುತ್ತದೆ. ಕಣ್ಣಿಗೆ ಚೂರು ಸಿಡಿಯದಂತೆ ಜಾಗ್ರತೆ ವಹಿಸಬೇಕು. ಬಣ್ಣ ಬಳಿದ ಹಂಚು ಬೇಡ.

ತೆಂಗಿನ ನಾರಿನ ಹುಡಿ ನೀರು ಹಿಡಿಯುತ್ತದೆ, ಹಗುರವೂ ಹೌದು. ಸಿಪ್ಪೆಯನ್ನು ನಾಲ್ಕೈದು ದಿನ ನೀರಿನಲ್ಲಿ ನೆನೆಹಾಕಿ ದಿನಕ್ಕೊಮ್ಮೆ ಕಂದು ನೀರು ಚೆಲ್ಲಿ, ಬಡಿದು ನಾರು ಬಿಡಿಸಿದರೆ ಹುಡಿ ಉದುರುತ್ತದೆ. ನೆನೆಸದೆ ಹಾಕಿದರೆ ಅದರಲ್ಲಿರುವ ಚೊಗರು ಮತ್ತು ಉಪ್ಪಿನ ಅಂಶ ಎಳೆಯ ಬೇರನ್ನು ಸುಡುತ್ತದೆ. ಕುಚ್ಚಲಕ್ಕಿ ಮಿಲ್ಲಿನ ಬಾಯ್ಲರಿನಿಂದ ಸಿಗುವ ಕರಿ ಉಮಿ ಕೂಡ ಮಿಶ್ರಣವನ್ನು ಸಡಿಲ ಮಾಡುತ್ತದೆ. ಆದರೆ ಅದರಲ್ಲಿ ಬೂದಿ ಸೇರಿರುವುದರಿಂದ ಒಂದೆರಡು ಸಲ ತೊಳೆದು ಮಿತವಾಗಿ ಬಳಸಿ. ಒಲೆಯ ಬೂದಿ ಒಂದು ಚಟ್ಟಿಗೆ ಒಂದು ಚಮಚಕ್ಕಿಂತ ಹೆಚ್ಚು ಬೇಡ, ಪ್ಲಾಸ್ಟಿಕ್ ಸುಟ್ಟ ಒಲೆಯದ್ದಾದರೆ ಅಷ್ಟೂ ಬೇಡ. ಮೊಟ್ಟೆಯ ಚಿಪ್ಪನ್ನು ಹಾಗೆಯೇ ಮುರಿದು ಹಾಕುವುದರಿಂದ ಆ ವರ್ಷದ ಹೂವಿಗೆ ಏನೂ ಸಿಗುವುದಿಲ್ಲ, ಮೊಬೈಲಿನಲ್ಲಿ ಯಾರು ಏನೇ ಹೇಳಲಿ. ಹುತ್ತದ ಮಣ್ಣನ್ನು ಅಗೆದು ತರುವವರಿದ್ದಾರೆ. ಅದನ್ನು ಬಿಟ್ಟುಬಿಡಿ, ಒಳಗೆ ಹಾವಿರಬಹುದು, ನೆರೆಯವರಿಗೆ ಅದು ಪೂಜೆಯ ಸ್ಥಳವೂ ಆಗಿರುತ್ತದೆ.

ಹಿರಿಯರ ಸುಡುಮಣ್ಣಿನ ಬಗ್ಗೆ ಕೇಳುವವರುಂಟು. ಮಣ್ಣು, ತರಗೆಲೆಗಳನ್ನು ಪದರವಾಗಿ ಹಾಕಿ ನಿಧಾನವಾಗಿ ಸುಟ್ಟು ತರಕಾರಿ ಸಾಲಿಗೆ ಹಾಕುತ್ತಿದ್ದರು. ಅದರಿಂದ ಹುಳ, ಕಳೆಬೀಜ ಸಾಯುತ್ತದೆ, ಪೊಟ್ಯಾಷ್ ಸಿಗುತ್ತದೆ, ನಿಜ. ಆದರೆ ಎಲೆಯ ಸಾರಜನಕವೂ ಸಾವಯವ ಅಂಶವೂ ಹೊಗೆಯಾಗುತ್ತದೆ. ಗದ್ದೆ, ಗುಡ್ಡೆ ಇದ್ದ ಕಾಲದ ಪದ್ಧತಿ ಅದು. ಮನೆಗೆ ಮನೆ ತಾಗಿದ ಇಂದಿನ ವಠಾರಗಳಲ್ಲಿ, ಉಬ್ಬಸದವರು ಪಕ್ಕದಲ್ಲೇ ಇರುವಾಗ, ನಾವು ಅದನ್ನು ಸೂಚಿಸುವುದಿಲ್ಲ.

ಬೆರಕೆ ಮತ್ತು ಪರೀಕ್ಷೆ

ನಮಗೆ ಸರಿಬಂದ ಅಳತೆ ಇದು: ಎಲೆಗೊಬ್ಬರ ಎರಡು ಬಕೆಟ್, ಕೆಂಪು ಮಣ್ಣು ಒಂದು ಬಕೆಟ್, ಹಂಚಿನ ಚೂರು ಮತ್ತು ನಾರಿನ ಹುಡಿ ಸೇರಿ ಒಂದು ಬಕೆಟ್. ಮಳೆಗಾಲಕ್ಕೆ ಹಂಚು ಹೆಚ್ಚು, ಬೇಸಿಗೆಗೆ ನಾರಿನ ಹುಡಿ ಹೆಚ್ಚು. ಹತ್ತು ಇಂಚಿನ ಒಂದು ಚಟ್ಟಿಗೆ ಸುಮಾರು 8 ಲೀಟರ್ ಮಿಶ್ರಣ ಬೇಕು, ಅದರಲ್ಲಿ ಎಲೆಗೊಬ್ಬರ 4 ಲೀಟರ್. ಒಂದು ಘನ ಮೀಟರ್ ರಾಶಿ ಕುಗ್ಗಿ 300 ಲೀಟರ್ ಉಳಿದರೂ 75 ಚಟ್ಟಿಗೆ ಸಾಕಾಯಿತು. ಅಂದರೆ ವಾಳೆಗೆ ಒಂದು ರಾಶಿ ಇದ್ದರೆ ಆ ವಾಳೆಯ ಎಲ್ಲ ಮಕ್ಕಳಿಗೂ ಆಗುತ್ತದೆ. ಗುರಿಕಾರರು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವಲ್ಲ.

ಗೊಬ್ಬರ ಹಣ್ಣಾಗಿದೆಯೇ ಎಂದು ನೋಡದೆ ಚಟ್ಟಿಗೆ ತುಂಬಬಾರದು. ನಮ್ಮ ಸಸಿಗಳು ಹಳದಿಯಾದದ್ದು ಇದರಿಂದಲೇ. ಅರ್ಧ ಕೊಳೆತ ಎಲೆ ಚಟ್ಟಿಯೊಳಗೆ ಕೊಳೆಯುವುದನ್ನು ಮುಂದುವರಿಸುತ್ತಾ ಗಿಡದ ಪಾಲಿನ ಸಾರಜನಕವನ್ನು ತಾನೇ ಎಳೆದುಕೊಳ್ಳುತ್ತದೆ. ಒಂದು ಮುಷ್ಟಿ ಒದ್ದೆ ಗೊಬ್ಬರವನ್ನು ಮುಚ್ಚಳವಿರುವ ಡಬ್ಬದಲ್ಲಿ ಮೂರು ದಿನ ಇಟ್ಟು ತೆರೆದು ಮೂಸಿ. ಮಳೆ ಬಿದ್ದ ನೆಲದ ಪರಿಮಳ ಇದ್ದರೆ ಸರಿ, ಹುಳಿ ಅಥವಾ ಕೊಳಕು ವಾಸನೆ ಇದ್ದರೆ ಇನ್ನೂ ಎರಡು ವಾರ ಕಾಯಿರಿ. ಆಮೇಲೆ ಬೆರಕೆಯಲ್ಲಿ ಹತ್ತು ಹೆಸರುಕಾಳು ಬಿತ್ತಿ. ಎಂಟಾದರೂ ಹಸಿರಾಗಿ ನೆಟ್ಟಗೆ ಎದ್ದರೆ ಗೊಂಡೆ ಬೀಜವನ್ನು ನಂಬಿ ಹಾಕಬಹುದು.

ಫೆಬ್ರವರಿ ತಪ್ಪಿಹೋದವರಿಗೆ ಒಂದು ದಾರಿ ಇದೆ. ಗುಡಿಸದೆ ಬಿಟ್ಟ ಹಳೆಯ ಹಲಸಿನ ಅಥವಾ ಮಾವಿನ ಮರದ ಬುಡದಲ್ಲಿ ಎಲೆ ಸರಿಸಿದರೆ ಎರಡು ಬೆರಳು ದಪ್ಪದ ಕಪ್ಪು ಹುಡಿ ಸಿಗುತ್ತದೆ. ಸ್ವಂತ ಹಿತ್ತಿಲಿನಿಂದ, ಬೇರು ಬರಿದಾಗದಂತೆ, ಸ್ವಲ್ಪ ಸ್ವಲ್ಪ ತೆಗೆಯಿರಿ. ಕಾಡಿನಿಂದ ಬೇಡ.

ಸಸಿಗಳನ್ನು ಜೂನ್‌ನಲ್ಲಿ ಮಾಡಿನ ಅಡಿಯಲ್ಲಿ, ಬೆಳಕು ಬೀಳುವ ಆದರೆ ಹನಿ ಬಡಿಯದ ಜಾಗದಲ್ಲಿ ಬೆಳೆಸಿ, ಮೂರು ನಾಲ್ಕು ವಾರ ಕಳೆದು ಚಟ್ಟಿಗೆ ನೆಡುವುದು. ಕರ್ಣಕುಂಡಲ ಗೊಂಡೆಗಿಂತ ಬೇಗ ಹೂ ಬಿಡುತ್ತದೆ, ಜುಲೈ ಆರಂಭದಲ್ಲಿ ಬಿತ್ತಿದರೂ ಆದೀತು. ಅಬ್ಬಲಿಗೆ, ಮಲ್ಲಿಗೆ ವರ್ಷಗಟ್ಟಲೆ ಇರುವ ಗಿಡಗಳು, ಅವಕ್ಕೂ ಇದೇ ಬೆರಕೆ ನಡೆಯುತ್ತದೆ.

ಆರೋಗ್ಯದ ಬಗ್ಗೆ ಒಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮಳೆಗಾಲದ ಒದ್ದೆ ಮಣ್ಣಿನಿಂದ ಇಲಿಜ್ವರ ಮಾತ್ರವಲ್ಲ, ಮೆಲಿಯಾಯ್ಡೋಸಿಸ್ ಎಂಬ ಗಂಭೀರ ಸೋಂಕು ಕೂಡ ನಮ್ಮ ಕರಾವಳಿಯಲ್ಲಿ ಕಂಡುಬರುತ್ತದೆ. ಗಾಯದ ಮೂಲಕ ಅದು ದೇಹವನ್ನು ಸೇರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು. ಕೈಗೆ ಗ್ಲೌಸ್, ಕಾಲಿಗೆ ಬೂಟು ಹಾಕಿ, ಗಾಯವಿದ್ದರೆ ಮಣ್ಣಿನ ಕೆಲಸ ಬೇರೆಯವರಿಗೆ ಬಿಡಿ, ಮುಗಿದ ಮೇಲೆ ಸಾಬೂನಿನಿಂದ ತೊಳೆಯಿರಿ. ಮಣ್ಣಿನ ಕೆಲಸ ಮಾಡಿದ ಮೇಲೆ ಜ್ವರ ಬಿಡದೆ ಕಾಡಿದರೆ ವೈದ್ಯರಿಗೆ ಆ ವಿಷಯವನ್ನೂ ಹೇಳಿ. ಒಣ ಗೊಬ್ಬರ ಜರಡಿ ಹಿಡಿಯುವಾಗ ಮೂಗು ಬಾಯಿಗೆ ಬಟ್ಟೆ ಇರಲಿ. ಚಟ್ಟಿಯ ಅಡಿ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೆ ಎರಡು ಸಲವಾದರೂ ಚೆಲ್ಲಬೇಕು. ಸೊಳ್ಳೆಗೆ ಅಷ್ಟು ನೀರು ಧಾರಾಳ.

ಹಬ್ಬ ಮುಗಿದ ಮೇಲೆ ಗೊಂಡೆಯ ಒಣ ಹೂಗಳಿಂದ ಬೀಜ ತೆಗೆದು ಕಾಗದದಲ್ಲಿ ಕಟ್ಟಿಡಿ. ಗಿಡ ಕಿತ್ತು, ಚಟ್ಟಿಯ ಮಣ್ಣನ್ನು ಬಿಸಿಲಿಗೆ ಹರಡಿ ಒಣಗಿಸಿ ಗೋಣಿಗೆ ತುಂಬಿದರೆ ಫೆಬ್ರವರಿಯ ಹೊಸ ರಾಶಿಯಲ್ಲಿ ಪದರದ ಮಣ್ಣಾಗಿ ಉಪಯೋಗಕ್ಕೆ ಬರುತ್ತದೆ. ಹಂಚಿನ ಚೂರು ಕರಗುವುದಿಲ್ಲ, ಜರಡಿ ಹಿಡಿದು ಬೇರೆ ಇಟ್ಟುಕೊಳ್ಳಿ. ರೋಗ ಬಂದು ಸತ್ತ ಗಿಡವಿದ್ದ ಚಟ್ಟಿಯ ಮಣ್ಣನ್ನು ಮಾತ್ರ ರಾಶಿಗೆ ಸೇರಿಸದೆ ತೆಂಗಿನ ಬುಡಕ್ಕೆ ಹಾಕಿ.